ಬೆರಳಳತೆಯಿಂದ ಮೈಕ್ರೋಮೀಟರ್‌ವರೆಗೆ: ಗುಂಡು ಎಷ್ಟು ಆಳಕ್ಕೆ ಕೂರಬೇಕು?

ಬೆಂಗಳೂರಿನಲ್ಲಿ 50 ಮೀಟರ್ ರೈಫಲ್ ಅಭ್ಯಾಸ ಮಾಡುವವರ ತೋಟೆ ಡಬ್ಬಿಗಳನ್ನು ಗಮನಿಸಿ ನೋಡಿ. ಲಾಟ್, ಅಂದರೆ ಒಂದೇ ಕಂತಿನಲ್ಲಿ ತಯಾರಾದ ತೋಟೆಗಳ, ನಂಬರಿನ ಸುತ್ತ ಪೆನ್ನಿನಲ್ಲಿ ಗುರುತು ಹಾಕಿರುತ್ತಾರೆ. ಕಂಪನಿ ಒಂದೇ, ಬೆಲೆ ಒಂದೇ, ಡಬ್ಬಿಯ ಬಣ್ಣವೂ ಒಂದೇ. ಆದರೂ ಒಂದು ಲಾಟ್ ಆ ರೈಫಲ್‌ಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಒಗ್ಗಿದ ಲಾಟ್ ಸಿಕ್ಕರೆ ಕೈಲಾದಷ್ಟು ಡಬ್ಬಿ ಕೊಂಡು ಇಟ್ಟುಕೊಳ್ಳುತ್ತಾರೆ.

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಗುಂಡು ಮದ್ದು ತುಂಬಿದ ಹಿತ್ತಾಳೆ ಕೊಳವೆಯೊಳಗೆ, ಅಂದರೆ ಕೇಸಿನೊಳಗೆ, ಎಷ್ಟು ಆಳಕ್ಕೆ ಕೂತಿದೆ ಎಂಬುದು. ಅಮೆರಿಕದಲ್ಲಿ ದೊಡ್ಡ ರೈಫಲ್ ಹಿಡಿಯುವ ಹವ್ಯಾಸಿಗಳು ಈ ಆಳವನ್ನು ಮನೆಯ ಮೇಜಿನ ಮೇಲೆ ತಾವೇ ಹೊಂದಿಸಿಕೊಳ್ಳುತ್ತಾರೆ. ನಮ್ಮವರು ಡಬ್ಬಿಯಲ್ಲಿ ಬಂದದ್ದನ್ನು ಒಪ್ಪಿಕೊಳ್ಳುತ್ತಾರೆ. ಈ ವ್ಯತ್ಯಾಸ ಹೇಗೆ ಬಂತು ಎಂಬುದಕ್ಕೆ ದೊಡ್ಡ ಇತಿಹಾಸವೇ ಇದೆ.

ಹಾಗೆ ನೋಡಿದರೆ ಈ ಪ್ರಶ್ನೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಮಲೆನಾಡು, ಕೊಡಗಿನ ಕೇಪಿನ ಕೋವಿಗಳಲ್ಲಿ ಎಲ್ಲವನ್ನೂ ಕೈಯಲ್ಲೇ ತುಂಬಬೇಕಿತ್ತು. ನಳಿಗೆಯ ಬಾಯಿಂದ ಮಸಿ (ಕರಿ ಮದ್ದು) ಸುರಿದು, ನಾರು ತುರುಕಿ, ಗುಂಡು ಇಳಿಸಿ, ಮೇಲೆ ಮತ್ತೆ ನಾರು ಇಟ್ಟು ಗಜ ಎಂಬ ಉದ್ದ ಸರಳಿನಿಂದ ಜಡಿಯುತ್ತಿದ್ದರು. ಈಡು, ಅಂದರೆ ತುಂಬಿದ ಮದ್ದುಗುಂಡು, ಎಷ್ಟಾಯಿತು ಎಂದು ತಿಳಿಯಲು ಗಜದ ತುದಿ ಎಷ್ಟು ಬೆರಳು ಹೊರಗೆ ನಿಂತಿದೆ ಎಂದು ನೋಡುತ್ತಿದ್ದರು. ಗುಂಡು ಮಸಿಯ ಮೇಲೆ ಒತ್ತಿ ಕೂರಲೇಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಹೀಗೆ ಆಳದ ಲೆಕ್ಕ ಆಗಲೇ ಜೀವದ ಲೆಕ್ಕವಾಗಿತ್ತು.

ಆ ಕಾಲದಲ್ಲಿ ಮದ್ದು ಬೇರೆ, ಗುಂಡು ಬೇರೆ. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಟಿಪ್ಪು ಕಾಲದ ಮದ್ದಿನ ಮನೆಯೊಂದಿತ್ತು. ಜೋಡಿ ಹಳಿ ಹಾಕಲು ಅಡ್ಡ ಬಂತೆಂದು 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಒಡೆದು ಹಾಕಲಿಲ್ಲವಲ್ಲ, ಅದು ದೊಡ್ಡ ಸಮಾಧಾನ.

ಮದ್ದು ಮತ್ತು ಗುಂಡು ಒಂದೇ ಪೊಟ್ಟಣಕ್ಕೆ ಬಂದದ್ದು ಕಾಗದದ ತೋಟೆಯಲ್ಲಿ. 1857ರ ಸಿಪಾಯಿ ದಂಗೆಗೆ ಕಿಡಿ ಹಚ್ಚಿದ ಎನ್‌ಫೀಲ್ಡ್ ತೋಟೆ ಅಂಥದ್ದೇ. ಸಿಪಾಯಿ ಕಾಗದ ಕಚ್ಚಿ ಹರಿದು, ಮದ್ದು ಸುರಿದು, ಗುಂಡನ್ನು ಗಜದಿಂದ ಇಳಿಸಬೇಕಿತ್ತು. ಅಂದರೆ ಮದ್ದಿನ ತೂಕ ಕಾರ್ಖಾನೆಯದಾದರೂ ಆಳ ಇನ್ನೂ ಸಿಪಾಯಿಯ ಕೈಯಲ್ಲೇ ಇತ್ತು. ಲೋಹದ ಕೇಸು ಬಂದ ಮೇಲೆ ಅದೂ ಕೈತಪ್ಪಿತು. ಪುಣೆಯ ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾದದ್ದು 1869ರಲ್ಲಿ. ಅಲ್ಲಿಂದಾಚೆಗೆ ಗುಂಡು ಎಷ್ಟು ಆಳಕ್ಕೆ ಕೂರಬೇಕು ಎಂಬುದನ್ನು ಯಂತ್ರ ತೀರ್ಮಾನಿಸಿತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದು ಕಂಡುಹಿಡಿದರು. ಇದು ಆಟವನ್ನೇ ಬದಲಿಸಿತು. ಕರಿ ಮಸಿಗೆ ಹೋಲಿಸಿದರೆ ಹೊಸ ಮದ್ದಿನ ಒತ್ತಡ ತುಂಬಾ ಜಾಸ್ತಿ. ಕೇಸಿನೊಳಗೆ ಉಳಿದ ಜಾಗ ಸ್ವಲ್ಪ ಕಡಿಮೆಯಾದರೂ ಒತ್ತಡ ಏರುತ್ತದೆ. ಗುಂಡನ್ನು ಹೆಚ್ಚು ಒಳಗೆ ತಳ್ಳಿದರೆ ಆ ಜಾಗವೇ ತಾನೇ ಕಮ್ಮಿಯಾಗುವುದು? ಸಣ್ಣ ಕೇಸುಗಳಲ್ಲಂತೂ ಇದು ಅಪಾಯದ ಮಟ್ಟಕ್ಕೆ ಹೋಗಬಲ್ಲದು.

ಇತ್ತ ಅಮೆರಿಕದಲ್ಲಿ ಕತೆ ಬೇರೆ ದಾರಿ ಹಿಡಿದಿತ್ತು. ಬಯಲಿನಲ್ಲಿ ಕಾಡೆಮ್ಮೆ ಬೇಟೆಯಾಡುತ್ತಿದ್ದವರಿಗೆ ಅಂಗಡಿ ದೂರ. ಖಾಲಿ ಕೇಸುಗಳನ್ನು ಅವರೇ ಮತ್ತೆ ತುಂಬಿಕೊಳ್ಳುತ್ತಿದ್ದರು. ಅದಕ್ಕೆಂದೇ ಇಕ್ಕಳದಂಥ ಕೈಸಾಧನಗಳು ಮಾರಾಟಕ್ಕೆ ಬಂದವು. ಎರಡನೇ ಮಹಾಯುದ್ಧದ ನಂತರ ಸೇನೆಯಲ್ಲಿ ಉಳಿದಿದ್ದ ಮದ್ದನ್ನು ಬ್ರೂಸ್ ಹಾಜ್ಡನ್ ಎಂಬವರು ಕೊಂಡು ಅಗ್ಗಕ್ಕೆ ಮಾರಿದರು. 1943ರಲ್ಲಿ ಶುರುವಾದ ಆರ್‌ಸಿಬಿಎಸ್‌ನಂಥ ಕಂಪನಿಗಳು ಕೇಸು ತುಂಬುವ ಪ್ರೆಸ್ಸು, ಡೈಗಳನ್ನು ಮನೆ ಮನೆಗೆ ತಲುಪಿಸಿದವು. ಅಗತ್ಯಕ್ಕೆ ಶುರುವಾದದ್ದು ನಿಖರತೆಯ ಹುಚ್ಚಾಗಿ ಬೆಳೆಯಿತು.

ಈಗ ವಿಷಯದ ತಿರುಳಿಗೆ ಬರೋಣ. ತೋಟೆ ಕೂರುವ ಜಾಗಕ್ಕೂ ನಳಿಗೆಯ ಒಳಗಿನ ಸುರುಳಿ ಗೆರೆಗಳು ಶುರುವಾಗುವ ಜಾಗಕ್ಕೂ ನಡುವೆ ಚಿಕ್ಕ ಅಂತರ ಇರುತ್ತದೆ. ಮದ್ದು ಹೊತ್ತಿದಾಗ ಗುಂಡು ಕೇಸಿನಿಂದ ಬಿಡಿಸಿಕೊಂಡು, ಆ ಅಂತರ ದಾಟಿ, ಗೆರೆಗಳಿಗೆ ಕಚ್ಚಿಕೊಂಡು ತಿರುಗಲು ಶುರುಮಾಡುತ್ತದೆ. ಶೂಟರ್‌ಗಳು ಇದನ್ನು ಜಂಪ್ ಎನ್ನುತ್ತಾರೆ. ಗುಂಡು ನೆಟ್ಟಗೆ ಹೋಗಿ ಗೆರೆ ಕಚ್ಚಿದರೆ ಗುರಿ ಹಲಗೆಯಲ್ಲಿ ತೂತುಗಳು ಒಟ್ಟಿಗೆ ಬೀಳುತ್ತವೆ. ಒಂಚೂರು ವಾರೆಯಾಗಿ ಕಚ್ಚಿದರೆ ಚದುರುತ್ತವೆ. ಕೂರಿಸುವ ಆಳ ಬದಲಿಸಿದರೆ ಈ ಜಂಪ್ ಬದಲಾಗುತ್ತದೆ. ಇದನ್ನು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಅಂದರೆ ಸುಮಾರು 0.025 ಮಿಲಿಮೀಟರ್, ತಲೆಕೂದಲಿಗಿಂತ ತೆಳು.

ಕಾರ್ಖಾನೆಯ ತೋಟೆ ಸಾವಿರಾರು ರೈಫಲ್‌ಗಳಿಗೆ ಹೊಂದಬೇಕು. ಹಾಗಾಗಿ ಅದರ ಉದ್ದಕ್ಕೆ ಒಂದು ಮಿತಿ ಇಟ್ಟರು. 1926ರಲ್ಲಿ ಶುರುವಾದ, ಅಮೆರಿಕದ ಕೋವಿ-ತೋಟೆ ತಯಾರಕರ ಸಾಮಿ ಸಂಸ್ಥೆ ಇಂಥ ಮಿತಿಗಳನ್ನು ನಿಗದಿ ಮಾಡುತ್ತದೆ. ಪಾಯಿಂಟ್ 308 ವಿಂಚೆಸ್ಟರ್ ಎಂಬ ತೋಟೆಯ (ಈ ಅಂಕಿ ಇಂಚಿನಲ್ಲಿ ಗುಂಡಿನ ಅಂದಾಜು ವ್ಯಾಸ) ಗರಿಷ್ಠ ಉದ್ದ 2.810 ಇಂಚು, ಅಂದರೆ 71 ಮಿಲಿಮೀಟರ್ ಚಿಲ್ಲರೆ. ಪಂದ್ಯದ ಶೂಟರ್‌ಗಳಿಗೆ ಇದು ಸಾಕಾಗಲಿಲ್ಲ. ತಮ್ಮ ಒಂದೇ ರೈಫಲ್‌ಗೆ ಹೊಂದುವಂತೆ ಗುಂಡನ್ನು ಗೆರೆಗಳಿಗೆ ತಾಗಿಸಿಯೇ ಕೂರಿಸತೊಡಗಿದರು. ಹತ್ತಿರ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಗಟ್ಟಿಯಾಯಿತು.

ಅದೇ ಹೊತ್ತಿಗೆ ಅಮೆರಿಕದ ರೈಫಲ್ ತಯಾರಕ ರಾಯ್ ವೆದರ್‌ಬಿ ತಮ್ಮ ರೈಫಲ್‌ಗಳಲ್ಲಿ ಬೇಕೆಂದೇ ದೊಡ್ಡ ಅಂತರ ಬಿಟ್ಟರು, ಒತ್ತಡ ಒಮ್ಮೆಲೇ ಏರದಿರಲಿ ಎಂದು. ಅವೂ ಚೆನ್ನಾಗಿಯೇ ಗುರಿ ಹಿಡಿದವು. ಆಮೇಲೆ ದೂರದ ಗುರಿಗೆಂದು ಉದ್ದ ಮೂತಿಯ ಗುಂಡುಗಳು ಬಂದವು. ಅವು ಆಳದ ವಿಷಯದಲ್ಲಿ ಬಹಳ ನಾಜೂಕು. ಒಂದು ರೈಫಲ್‌ನಲ್ಲಿ ಗೆರೆ ತಾಗಿದರೆ ಚೆನ್ನ, ಇನ್ನೊಂದರಲ್ಲಿ ದೂರ ಇದ್ದರೆ ಚೆನ್ನ. ಗೆರೆಗೆ ಒತ್ತಿ ಕೂರಿಸಿದರೆ ಒತ್ತಡ ಏರುವ ಅಪಾಯವೂ ಇದೆ. ಹೀಗಾಗಿ ಈಗಿನ ಅನುಭವಿಗಳು ಒಂದೇ ಬಿಂದುವಿನ ಹಿಂದೆ ಬೀಳುವುದಿಲ್ಲ. ಸ್ವಲ್ಪ ಹೆಚ್ಚುಕಮ್ಮಿಯಾದರೂ ಗ್ರೂಪ್, ಅಂದರೆ ಒಟ್ಟಿಗೆ ಬಿದ್ದ ತೂತುಗಳ ಗುಂಪು, ಕೆಡದಂಥ ಅಗಲವಾದ ವಲಯ ಹುಡುಕುತ್ತಾರೆ. ನನಗೆ ಇದೇ ಸರಿ ಎನಿಸುತ್ತದೆ. ಯಾಕೆಂದರೆ ನಳಿಗೆ ಸವೆಯುತ್ತದೆ. ಹೊಡೆದಂತೆಲ್ಲ ಬಿಸಿ ಅನಿಲ ಗೆರೆಗಳ ಶುರುವನ್ನು ತಿಂದು ಹಾಕುತ್ತದೆ, ಅಂತರ ತಾನಾಗಿ ಬೆಳೆಯುತ್ತದೆ. ಇವತ್ತು ಹುಡುಕಿದ ಒಂದು ಬಿಂದು ಮುಂದೆಯೂ ಅಲ್ಲೇ ಇರುವುದಿಲ್ಲ.

ಇನ್ನೊಂದು ಮಾತು. ಮೂರೇ ಗುಂಡು ಹೊಡೆದು ಇದೇ ಸರಿಯಾದ ಆಳ ಎಂದು ತೀರ್ಮಾನಿಸುವವರು ಬಹಳ ಮಂದಿ. ಮೂರು ಗುಂಡು ಸುಮ್ನೆ ಅದೃಷ್ಟದಿಂದಲೂ ಒಟ್ಟಿಗೆ ಬೀಳಬಹುದು. ಅಳೆಯುವ ಜಾಗವೂ ಮುಖ್ಯ. ಗುಂಡಿನ ಮೂತಿ ಒಂದರಿಂದ ಇನ್ನೊಂದಕ್ಕೆ ವ್ಯತ್ಯಾಸವಾಗುತ್ತದೆ. ಆದ್ದರಿಂದ ತುದಿಯಿಂದಲ್ಲ, ಗುಂಡಿನ ಬಾಗು ಗೆರೆಗೆ ತಾಗುವ ಜಾಗದಿಂದ ಅಳೆಯಬೇಕು.

ಭಾರತದಲ್ಲಿ ಈ ವಿದ್ಯೆ ಯಾಕೆ ಬೆಳೆಯಲಿಲ್ಲ? ಕಾನೂನು ಮೊದಲ ಕಾರಣ. 1878ರ ಶಸ್ತ್ರ ಕಾಯ್ದೆ ಜನರ ಕೈಯಿಂದ ಕೋವಿ ದೂರವಿಡಲೆಂದೇ ಬಂತು. ಆದರೆ ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಜಮೀನು ಉಳ್ಳವರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಉಳಿಯಿತು, ಅದು ಈಗಲೂ 2029ರವರೆಗೆ ಇದೆ. ಸ್ವತಂತ್ರ ಭಾರತದ 1959ರ ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ತೋಟೆ ಮಾತ್ರವಲ್ಲ. ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಅದರಲ್ಲೇ ಸೇರುತ್ತವೆ. ಲೈಸೆನ್ಸ್ ಇಲ್ಲದೆ ತಯಾರಿಸುವುದು ಅಪರಾಧ. ಮದ್ದಿಗೆ 1884ರ ಸ್ಫೋಟಕ ಕಾಯ್ದೆ ಬೇರೆ ಇದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪ್ರೆಸ್ ಇಟ್ಟುಕೊಂಡು ಕೂರುವ ಯೋಚನೆ ಯಾರಿಗಾದರೂ ಇದ್ದರೆ ಇಲ್ಲೇ ಬಿಡಲಿ.

ಎರಡನೆಯ ಕಾರಣ ಆಯ್ಕೆಯ ಕೊರತೆ. ಸೇನೆಯ ಪಾಯಿಂಟ್ 303 ನಾಗರಿಕರಿಗೆ ನಿಷಿದ್ಧವಾಗಿತ್ತು. ಬದಲಿಗೆ ಪಾಯಿಂಟ್ 315 ಬಂತು. ರೈಫಲ್ ಸರ್ಕಾರಿ ಕಾರ್ಖಾನೆಯದು, ತೋಟೆಯೂ ಅಲ್ಲಿಯದೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಲೇಬೇಕಿತ್ತು. ಉಳಿದದ್ದು ಕ್ರೀಡೆ. ಅಲ್ಲಿ 10 ಮೀಟರ್‌ಗೆ ಗಾಳಿ ರೈಫಲ್, 50 ಮೀಟರ್‌ಗೆ ಪಾಯಿಂಟ್ 22. ಪಾಯಿಂಟ್ 22ರಲ್ಲಿ ಸಿಡಿಯುವ ರಸಾಯನ ಕೇಸಿನ ಅಂಚಿನೊಳಗೇ ಇರುತ್ತದೆ. ಸೂಜಿ ಬಡಿದು ಅಂಚು ಜಜ್ಜಿದರೆ ಮುಗಿಯಿತು, ಆ ಕೇಸು ಗುಜರಿಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್‌ನಲ್ಲಿ ಕಂಚು ಗೆದ್ದದ್ದು ಇದೇ ಬಗೆಯ ತೋಟೆಯಲ್ಲಿ.

ಆದರೆ ಆಳದ ಪ್ರಶ್ನೆ ಅಲ್ಲಿಯೂ ತಪ್ಪುವುದಿಲ್ಲ. ಪಂದ್ಯದ ಪಾಯಿಂಟ್ 22 ರೈಫಲ್‌ಗಳಲ್ಲಿ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಮುಚ್ಚುವಾಗಲೇ ಸೀಸದ ಗುಂಡು ಗೆರೆಗಳಿಗೆ ತಾಗಿ ಗುರುತು ಬೀಳುವಂತೆ ಕೊರೆದಿರುತ್ತಾರೆ. ತೋಟೆಯ ಉದ್ದ, ಅಂಚಿನ ದಪ್ಪ ಚೂರು ಬದಲಾದರೂ ಆ ತಾಗುವಿಕೆ ಬದಲಾಗುತ್ತದೆ. ನಮ್ಮ ಶೂಟರ್‌ಗೆ ಅದನ್ನು ತಿದ್ದುವ ದಾರಿ ಇಲ್ಲ. ಆರಿಸುವ ದಾರಿ ಮಾತ್ರ ಇದೆ.

ಆರಿಸುವುದಾದರೂ ಸುಲಭವಾಗಬೇಕು ಅಲ್ವಾ? ಇಂಗ್ಲೆಂಡಿನಲ್ಲಿ ಇಲೀ, ಜರ್ಮನಿಯಲ್ಲಿ ಲಾಪುವಾ ಎಂಬ ತೋಟೆ ಕಂಪನಿಗಳು ತಮ್ಮದೇ ಪರೀಕ್ಷಾ ರೇಂಜ್ ಇಟ್ಟಿವೆ. ಶೂಟರ್ ರೈಫಲ್ ತಂದರೆ ಅದನ್ನು ಬಿಗಿದು ಬೇರೆ ಬೇರೆ ಲಾಟ್ ಹೊಡೆದು ನೋಡಿ, ಚೆನ್ನಾಗಿ ಬಂದದ್ದನ್ನು ಕೊಡುತ್ತಾರೆ. ಬೆಂಗಳೂರಿನಿಂದ ರೈಫಲ್ ಹೊತ್ತು ಅಲ್ಲಿಗೆ ಹೋಗುವುದು ಎಲ್ಲರ ಕೈಗೆಟುಕುವ ಮಾತಲ್ಲ. 2021ರಲ್ಲಿ ಸರ್ಕಾರಿ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆದಾಗ ಮದ್ದುಗುಂಡಿನ ಹೊಣೆ ಮುನಿಷನ್ಸ್ ಇಂಡಿಯಾಕ್ಕೆ ಬಂತು. ಈ ಕಂಪನಿಯಾಗಲಿ ಆಮದು ಮಾಡುವವರಾಗಲಿ ಕ್ರೀಡಾ ಸಂಸ್ಥೆಗಳ ಜೊತೆ ಸೇರಿ ಇಲ್ಲೇ ಅಂಥದೊಂದು ಪರೀಕ್ಷಾ ಕೋಣೆ ಕಟ್ಟಲಿ. ಒಂದು ರೈಫಲ್ ಬಿಗಿಯುವ ಗಟ್ಟಿ ಕಟ್ಟೆ, 50 ಮೀಟರ್ ಮುಚ್ಚಿದ ಓಣಿ, ಕೊನೆಗೆ ಎಲೆಕ್ಟ್ರಾನಿಕ್ ಗುರಿ ಹಲಗೆ. ಇದಕ್ಕೆ ಯಾವ ಕಾನೂನನ್ನೂ ಬದಲಿಸಬೇಕಿಲ್ಲ.