ಹಿಂದೆ ಮಿಕ್ಸರ್ ಕಟ್ಟಿದ ಪಿಕಪ್: ಖರೆ ಆವರೇಜ್ ಎಷ್ಟು?

ಪಿಕಪ್ ಕೊಳ್ಳುವವರು ಮೊದಲು ಕೇಳುವುದು ಒಂದೇ ಮಾತು. "ಆವರೇಜ್ ಎಷ್ಟು ಕೊಡ್ತೈತ್ರಿ?" ಶೋರೂಮಿನಲ್ಲಿ ಒಂದು ಅಂಕಿ ಹೇಳುತ್ತಾರೆ. ಆರು ತಿಂಗಳಾದ ಮೇಲೆ ಅದೇ ಗಾಡಿ ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಗ್ಯಾರೇಜಿಗೆ ಬರುತ್ತದೆ, ಡ್ರೈವರ್ ಹೇಳುವ ಅಂಕಿ ಅದರ ಅರ್ಧ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೇಳಿದ ಪ್ರಶ್ನೆಯೇ ಅರ್ಧ. ಏನು ಲೋಡು, ಎಷ್ಟು ಎತ್ತರ, ಎಷ್ಟು ಸ್ಪೀಡು, ಹಿಂದೆ ಏನು ಕಟ್ಟಿದ್ದೀರಿ, ಸೈಟಿನ ದಾರಿ ಡಾಂಬರೋ ಎರೆ ಮಣ್ಣೋ, ಇಷ್ಟನ್ನೂ ಕೇಳದೆ ಲೀಟರಿಗೆ ಇಷ್ಟು ಕಿಲೋಮೀಟರ್ ಅಂತ ಹೇಳಿದರೆ ಅದು ಯಾರ ಗಾಡಿಯ ಲೆಕ್ಕವೂ ಅಲ್ಲ.

ಕಂಪನಿ ಹೇಳುವ ಮೈಲೇಜ್ ಬರುವುದು ಟೆಸ್ಟ್ ಮನೆಯಲ್ಲಿ. ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐನಂಥ ಕಡೆ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತು ಮಾಡಿದ ಒಂದು ಕ್ರಮದಲ್ಲಿ ಓಡಿಸುತ್ತಾರೆ. ಅಲ್ಲಿ ಎದುರುಗಾಳಿ ಇಲ್ಲ, ಉಣಕಲ್ ಹತ್ತಿರದ ಟ್ರಾಫಿಕ್ ಇಲ್ಲ, ಹಿಂದೆ ಮಿಕ್ಸರ್ ಅಂತೂ ಇಲ್ಲವೇ ಇಲ್ಲ. ಎರಡು ಗಾಡಿಗಳಲ್ಲಿ ಯಾವುದು ಮೇಲು ಅಂತ ತೂಗಿ ನೋಡಲು ಆ ಅಂಕಿ ಸಾಕು. ಬಾಡಿಗೆ ಹೇಳಲು ಅದು ಉಪಯೋಗಕ್ಕೆ ಬಾರದು.

ನಮ್ಮ ಕಡೆ ಪಿಕಪ್ ಹಿಂದೆ ಕಟ್ಟುವುದು ಏನು? ಮನೆ ಕಟ್ಟುವವರ ಕಾಂಕ್ರೀಟ್ ಮಿಕ್ಸರ್, ಮದುವೆ ಹಾಲಿಗೆ ಹೋಗುವ ಜನರೇಟರ್, ರಸ್ತೆ ಕೆಲಸದ ಕಂಪ್ರೆಸರ್. ಜಲ್ಲಿ, ಮರಳು ಸುರಿಯುವ ಹಾಪರ್ ಇರುವ ಮಿಕ್ಸರ್ ಟನ್ನಿನ ಆಸುಪಾಸು ತೂಗುತ್ತದೆ. ಸುಮ್ನೆ ಮಿಕ್ಸರ್ ಒಂದೇ ಹೋಗುವುದಿಲ್ಲ, ಗಾಡಿಯೊಳಗೆ ಸೆಂಟ್ರಿಂಗ್ ಹಲಗೆ, ಕಬ್ಬಿಣ, ಬುಟ್ಟಿ, ಆರೆಂಟು ಜನ. ಎರಡೂವರೆ ಲೀಟರ್ ಇಂಜಿನ್ನಿನ ಪಿಕಪ್ ಖಾಲಿ ಇದ್ದು ಹೈವೇಯಲ್ಲಿ 60ರಲ್ಲಿ ಹೋದರೆ 14-15 ಕೊಡುವುದನ್ನು ನಾನು ನೋಡುತ್ತಿರುತ್ತೇನೆ. ಫುಲ್ ಲೋಡ್ ಆದರೆ 10-11. ಲೋಡಿನ ಜೊತೆ ಮಿಕ್ಸರ್ ಕಟ್ಟಿ, ಊರೊಳಗೆ ಸ್ವಲ್ಪ, ಕಚ್ಚಾ ದಾರಿಯಲ್ಲಿ ಸ್ವಲ್ಪ ಓಡಿದರೆ 7-8. ಅಂದರೆ ಖಾಲಿ ಗಾಡಿಯ ಅರ್ಧ. ಇದು ಗಾಡಿ ಕೆಟ್ಟಿದ್ದರ ಗುರುತಲ್ಲ.

ಅರ್ಧಕ್ಕೆ ಇಳಿಯುವುದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 6.7 ಲೀಟರ್ ಡೀಸೆಲ್ ಇಂಜಿನ್ನಿನ ರ‍್ಯಾಮ್ 2500, ಫೋರ್ಡ್ ಎಫ್-250 ತರದ ಪಿಕಪ್‌ಗಳು ಎತ್ತರದ ಕ್ಯಾಂಪರ್ (ಚಕ್ರದ ಮೇಲಿನ ಮನೆ) ಎಳೆದುಕೊಂಡು ಗಂಟೆಗೆ ನೂರು ಕಿ.ಮೀ. ಮೇಲೆ ಓಡುತ್ತವೆ. ಖಾಲಿ ಇದ್ದಾಗ ಗ್ಯಾಲನ್ನಿಗೆ 18 ಮೈಲಿ ಬರುವುದು, ಕ್ಯಾಂಪರ್ ಕಟ್ಟಿದರೆ 10ರ ಹತ್ತಿರ ಬರುತ್ತದೆ. ನಮ್ಮ ಲೆಕ್ಕದಲ್ಲಿ 7.6 ಇದ್ದದ್ದು 4.2. ಒಟ್ಟು ತೂಕ 8,500 ಪೌಂಡ್, ಅಂದರೆ ಸುಮಾರು 3,855 ಕೆ.ಜಿ. ದಾಟಿದ ಇಂಥ ಪಿಕಪ್‌ಗಳ ಮೇಲೆ ಅಲ್ಲಿನ ಸರ್ಕಾರದ ಮೈಲೇಜ್ ಚೀಟಿಯೂ ಇರುವುದಿಲ್ಲ. ಓಡಿಸುವವರು ತಾವೇ ಅಳೆದು ಬರೆದಿಟ್ಟುಕೊಳ್ಳುತ್ತಾರೆ.

ಈಗ ಡೀಸೆಲ್ ಎಲ್ಲಿ ಹೋಗುತ್ತದೆ ನೋಡೋಣ. ಎಲ್ಲರೂ ತೂಕ ಅನ್ನುತ್ತಾರೆ. ತೂಕ ಹೌದು, ಆದರೆ ಸಮತಟ್ಟು ಹೈವೇಯಲ್ಲಿ ತೂಕಕ್ಕಿಂತ ಮೊದಲು ಡೀಸೆಲ್ ತಿನ್ನುವುದು ಎತ್ತರ ಮತ್ತು ಸ್ಪೀಡು. ಬ್ಯಾಡಗಿ ಮೆಣಸಿನಕಾಯಿ ಹೇರುವ ಡ್ರೈವರ್‌ಗಳನ್ನು ಕೇಳಿ. 50 ಕೆ.ಜಿ.ಯ 30 ಚೀಲ ಸಿಮೆಂಟ್ ಹಾಕಿದರೆ ಒಂದೂವರೆ ಟನ್, ಲೋಡು ಡಾಲಾದ, ಅಂದರೆ ಹಿಂದಿನ ತೊಟ್ಟಿಯ, ಅಂಚನ್ನೂ ಮುಟ್ಟುವುದಿಲ್ಲ. ಅದೇ ಗಾಡಿಗೆ ಅಷ್ಟೂ ತೂಕ ಇಲ್ಲದ ಮೆಣಸಿನಕಾಯಿ ಚೀಲ ಹೇರಿದರೆ ಲೋಡು ಕ್ಯಾಬಿನ್ನಿನ ಮೇಲೆ ನಾಲ್ಕು ಅಡಿ ಎದ್ದು ನಿಲ್ಲುತ್ತದೆ. "ಮೆಣಸಿನಕಾಯಿ ಹಗರ ಅದಾವ್ರಿ, ಆದ್ರ ಡೀಸೆಲ್ ಸಿಮೆಂಟಿಗಿಂತ ಜಾಸ್ತಿ ಹೊಕ್ಕೈತಿ" ಅನ್ನುತ್ತಾರೆ. ಹತ್ತಿ ಅಂಡಿಗೆ, ಹೊಟ್ಟಿನ ಲೋಡಿನದೂ ಇದೇ ಕತೆ. ಛತ್ರಿ ಬಿಚ್ಚಿ ಹಿಡಿದು ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಾಳಿಯ ತಡೆ ಸ್ಪೀಡಿನ ವರ್ಗಕ್ಕೆ (ಸ್ಪೀಡನ್ನು ಸ್ಪೀಡಿನಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ. 60ರಿಂದ 80ಕ್ಕೆ ಹೋದರೆ ಸ್ಪೀಡು ಏರಿದ್ದು ಮೂರನೇ ಒಂದು ಭಾಗ, ಗಾಳಿಯ ತಡೆ ಏರಿದ್ದು 1.78 ಪಟ್ಟು. ಎದುರು ಮುಖ ನಾಲ್ಕು ಚದರ ಮೀಟರ್ ಇರುವ ಎತ್ತರದ ಲೋಡ್ ಎಂದು ಹಿಡಿದು ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಸ್ಪೀಡು ಮಿತಿ ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಬಿಡುವಷ್ಟೂ ಬಿಡಲಿ ಅಂತ 80ಕ್ಕೆ ಒತ್ತುವುದು, ಒಳ್ಳೆಯ ಡಾಂಬರಿನ ಮೇಲೆ ಇನ್ನೂ ಮೂರು ಟನ್ ಹೇರಿಕೊಂಡು 60ರಲ್ಲಿ ಹೋದದ್ದಕ್ಕೆ ಹತ್ತಿರ ಹತ್ತಿರ ಸಮ. ಗಾಡಿ, ಲೋಡು, ಹಿಂದಿನ ಟ್ರಾಲಿ ಸೇರಿ ನಾಲ್ಕು ಟನ್ ಇದ್ದರೆ 60ರಲ್ಲಿ ಲೀಟರಿಗೆ ಹತ್ತೂವರೆ ಬರುವುದು 80ರಲ್ಲಿ ಏಳೂವರೆಗೆ ಇಳಿಯುತ್ತದೆ. ಹುಬ್ಬಳ್ಳಿಯಿಂದ ಹಾವೇರಿಗೆ 75 ಕಿ.ಮೀ. ಚಿಲ್ಲರೆ, ಇದರಲ್ಲಿ ಉಳಿಯುವುದು ಹೆಚ್ಚೆಂದರೆ 20 ನಿಮಿಷ. ಆ 20 ನಿಮಿಷಕ್ಕೆ ಮೂರು ಲೀಟರ್ ಹತ್ತಿರ ಡೀಸೆಲ್ ಕೊಡುತ್ತೀರಿ.

ಗದಗಿನ ಡ್ರೈವರ್‌ಗಳು ಆಷಾಢದಲ್ಲಿ ಒಂದು ದೂರು ತರುತ್ತಾರೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವಾಗ ಗಾಡಿ ಚೆನ್ನಾಗಿದೆ, ಬರುವಾಗ ಎಳೆಯುವುದೇ ಇಲ್ಲ ಅಂತ. ಗಾಡಿಗೆ ಏನೂ ಆಗಿರುವುದಿಲ್ಲ. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮದಿಂದ, ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. 60ರಲ್ಲಿ ಬರುತ್ತಿದ್ದು ಎದುರಿನಿಂದ 20ರ ಗಾಳಿ ಬೀಸಿದರೆ ನಿಮ್ಮ ಲೋಡಿಗೆ ಅದು 80ರ ಗಾಳಿ. ಆ ತಿಂಗಳು ಎತ್ತರದ ಲೋಡ್ ಇದ್ದರೆ 50ಕ್ಕೆ ಇಳಿಯಿರಿ, ತಾಡಪತ್ರಿಯನ್ನು ಪಟಪಟ ಹೊಡೆಯದಂತೆ ಬಿಗಿಯಾಗಿ ಕಟ್ಟಿ. ಬೇರೆ ಔಷಧ ಇಲ್ಲ.

ಮಿಕ್ಸರ್ ಕಟ್ಟಿದಾಗ ಕತೆ ಬೇರೆ. ಅದನ್ನು 80ರಲ್ಲಿ ಎಳೆಯುವ ಪ್ರಶ್ನೆಯೇ ಇಲ್ಲ. ಸ್ಪ್ರಿಂಗ್ ಇಲ್ಲದ ಆಕ್ಸಲ್, ಹಳೇ ಟೈರು, ಬ್ರೇಕು ಇಲ್ಲ. 30 ದಾಟಿದರೆ ಹಿಂದಿನಿಂದ ಗಾಡಿಯನ್ನೇ ಅಲ್ಲಾಡಿಸುತ್ತದೆ. ಹಾಗಾಗಿ ಇಲ್ಲಿ ಗಾಳಿ ದೊಡ್ಡ ವಿಷಯ ಅಲ್ಲ, ಚಕ್ರ ದೊಡ್ಡ ವಿಷಯ. ಇದನ್ನು ಯಾರೂ ನೋಡುವುದಿಲ್ಲ.

ಹಾವೇರಿ ಕಡೆಯ ಒಬ್ಬ ಡ್ರೈವರ್ ಪಿಕಪ್ ತಂದು ನಿಲ್ಲಿಸಿದ. "ಅಣ್ಣಾರ, ಇಂಜೆಕ್ಟರ್ ಬಿಚ್ಚಿ ನೋಡ್ರಿ. ಏಳರ ಕೆಳಗ ಇಳದೈತಿ, ಮಾಲಕರು ನಾನೇ ಡೀಸೆಲ್ ಮಾರಾಕತ್ತೇನಿ ಅಂತ ಬೈತಾರ." ಗಾಡಿ ಓಡಿಸಿ ನೋಡಿದೆ. ಹೊಗೆ ಇಲ್ಲ, ಕ್ಲಚ್ ಸ್ಲಿಪ್ ಇಲ್ಲ, ಟರ್ಬೋ ಪೈಪ್ ಸರಿ ಇದೆ, ಏರ್ ಫಿಲ್ಟರ್ ಮೊನ್ನೆ ಬದಲಾಯಿಸಿದ್ದು. ಮಿಕ್ಸರ್ ಎಲ್ಲಿ ಅಂದೆ. "ಅದು ಹೊರಗ ಐತ್ರಿ. ಅದಕ್ಕೇನಾಗ್ತೈತಿ, ಬರೀ ಎಳಕೊಂಡು ಹೋಗೂದು." ಅದಕ್ಕೇ ಮೊದಲು ಜಾಕ್ ಹಚ್ಚಿಸಿದೆ. ಬಲಗಡೆಯ ಚಕ್ರ ಕೈಯಲ್ಲಿ ತಿರುಗಿಸಿ ಬಿಟ್ಟರೆ ತನ್ನಷ್ಟಕ್ಕೆ ನಾಲ್ಕು ಸುತ್ತು ತಿರುಗಿತು. ಎಡಗಡೆಯದು ಎರಡೂ ಕೈ ಹಾಕಿ ಎಳೆದರೆ ಅರ್ಧ ಸುತ್ತು ಬಂದು, ಕರ್ ಅಂತ ನಿಂತಿತು. ಚಕ್ರದ ನಡುವಿನ ಹಬ್ಬಿನ ಕ್ಯಾಪ್ ಬಿಚ್ಚಿದರೆ ಗ್ರೀಸ್ ಅನ್ನುವುದು ಇರಲಿಲ್ಲ, ಸಿಮೆಂಟ್ ಧೂಳು ಕೂಡಿ ಕರೀ ಗಟ್ಟಿ ಆಗಿತ್ತು, ಸ್ಕ್ರೂಡ್ರೈವರ್‌ನಿಂದ ಕೆತ್ತಿ ತೆಗೆಯಬೇಕಾಯಿತು. ಬೇರಿಂಗಿನ ಒಂದು ರೋಲರ್ ಒಡೆದು ಚೂರಾಗಿತ್ತು. ಎರಡೂ ಕಡೆ ಬೇರಿಂಗ್ ಹಾಕಿ, ಗ್ರೀಸ್ ತುಂಬಿ, ಟೈರಿಗೆ ಗಾಳಿ ಹೊಡೆದು ಕಳಿಸಿದೆ. ಮುಂದಿನ ಸಲ ಬಂದಾಗ ಎಂಟರ ಮೇಲೆ ಬರುತ್ತಿದೆ ಅಂದ. ಇಂಜೆಕ್ಟರ್ ಖರ್ಚಿನ ಮುಂದೆ ಆ ಬೇರಿಂಗ್ ಖರ್ಚು ಲೆಕ್ಕಕ್ಕೇ ಇಲ್ಲ.

ನೀವೇ ನೋಡಬಹುದು. ಹತ್ತು ಕಿ.ಮೀ. ಎಳೆದ ಮೇಲೆ ನಿಲ್ಲಿಸಿ, ಗಾಡಿಯದು ಮತ್ತು ಟ್ರಾಲಿಯದು ಎಲ್ಲ ಚಕ್ರದ ಹಬ್ಬಿನ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಕಾಯ್ದಿದ್ದರೆ ಅಲ್ಲಿ ಬೇರಿಂಗ್ ಹೋಗಿದೆ, ಇಲ್ಲ ಬ್ರೇಕ್ ಹಿಡಿದಿದೆ. ಅಲ್ಲಿ ಹೊರಡುವ ಬಿಸಿ ನಿಮ್ಮ ಡೀಸೆಲ್ಲೇ.

ಕೊನೆಯ ಎರಡು ಕಿಲೋಮೀಟರ್ ಬಗ್ಗೆಯೂ ಹೇಳಬೇಕು. ಕಚ್ಚಾ ದಾರಿಯಲ್ಲಿ ಚಕ್ರದ ತಡೆ ಡಾಂಬರಿನ ಮೂರು ಪಟ್ಟು ಆಗುವುದು ಮಾಮೂಲು. ಮಳೆ ಬಿದ್ದ ಎರೆ ಮಣ್ಣಾದರೆ ಲೆಕ್ಕವೇ ಬೇಡ. ನವಲಗುಂದ ಕಡೆಯ ಸೈಟಿಗೆ ಮಿಕ್ಸರ್ ಒಯ್ಯುವವರು ಬಾಡಿಗೆ ಹೇಳುವ ಮೊದಲು ದಾರಿ ಹೇಗಿದೆ ಅಂತ ಫೋನಿನಲ್ಲಿ ಕೇಳಿಕೊಳ್ಳಿ. ಅಲ್ಲಿ ಟ್ರ್ಯಾಕ್ಟರ್ ಬೇಕಾಗಬಹುದು.

ಏರಿನ ಲೆಕ್ಕ ಸುಲಭ. ನಾಲ್ಕು ಟನ್ನನ್ನು ನೂರು ಮೀಟರ್ ಎತ್ತರ ಹತ್ತಿಸಲು, ದಾರಿ ಎಷ್ಟೇ ಉದ್ದ ಇರಲಿ, ಸುಮಾರು 400 ಮಿಲಿ ಡೀಸೆಲ್ ಹೆಚ್ಚಿಗೆ ಬೇಕು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಹೋಗುವಾಗಿನ ಆವರೇಜ್, ಬರುವಾಗಿನ ಆವರೇಜ್ ಬೇರೆ ಬರುವುದು ಅದಕ್ಕೇ. ಅಂಕೋಲೆಯಿಂದ ಅರಬೈಲ್ ಘಾಟ್ ಹತ್ತಿ ಯಲ್ಲಾಪುರಕ್ಕೆ ಬಂದರೆ ಎರಡು ಲೀಟರ್ ಬರೀ ಏರಿಗೇ ಹೋಗುತ್ತದೆ.

ಇಳಿಯುವಾಗ ಅದನ್ನು ವಾಪಸ್ ಪಡೆಯಬೇಕು ಅಂತ ಕೆಲವರು ಘಾಟಿನಲ್ಲಿ ನ್ಯೂಟ್ರಲ್ ಹಾಕುತ್ತಾರೆ. ದಯವಿಟ್ಟು ಬೇಡ. ಈಗಿನ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಟರ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ನಿಲ್ಲಬಾರದಲ್ಲ, ಅದಕ್ಕೆ ಐಡ್ಲಿಂಗ್ ಡೀಸೆಲ್ ಹೋಗುತ್ತಲೇ ಇರುತ್ತದೆ. ಅಂದರೆ ಉಳಿಸಲು ಹೋಗಿ ಜಾಸ್ತಿ ಸುಡುತ್ತೀರಿ. ಇಂಜಿನ್ ಹಿಡಿತ ಇಲ್ಲದೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಹಿಂದೆ ಬ್ರೇಕಿಲ್ಲದ ಒಂದು ಟನ್ ಬೇರೆ ತಳ್ಳುತ್ತಿರುತ್ತದೆ. ಚಾವಿ ತಿರುಗಿಸಿ ಇಂಜಿನ್ನನ್ನೇ ಬಂದ್ ಮಾಡುವ ಧೀರರೂ ಇದ್ದಾರೆ. ಬ್ರೇಕ್ ಬೂಸ್ಟರ್ ಮತ್ತು ಪವರ್ ಸ್ಟೀರಿಂಗ್ ಎರಡೂ ಹೋಗುತ್ತವೆ ಅಂತ ಅವರಿಗೆ ಯಾರೂ ಹೇಳಿಲ್ಲವೋ ಏನೋ.

ಉಳಿದದ್ದು ಬೇಗ ಹೇಳುತ್ತೇನೆ. ಲೋಡ್ ಇದ್ದಾಗ 40ರಲ್ಲೇ ಟಾಪ್ ಗೇರ್ ಹಾಕಿ ಇಂಜಿನ್ ನಡುಗಿಸಬೇಡಿ. ಈ ಇಂಜಿನ್ನುಗಳ ಎಳೆತ ಇರುವುದು ಸುಮಾರು 1,500ರಿಂದ 2,200 ಆರ್‌ಪಿಎಂ ನಡುವೆ, ಅಲ್ಲೇ ಇಡಿ. ಎಪಿಎಂಸಿ ಸಾಲಿನಲ್ಲಿ ಇಂಜಿನ್ ಚಾಲೂ ಇಟ್ಟು ನಿಂತರೆ ಗಂಟೆಗೆ ಮುಕ್ಕಾಲು ಲೀಟರ್ ಹತ್ತಿರ ಹೋಗುತ್ತದೆ. 2020ರ ನಂತರದ ಬಿಎಸ್-6 ಗಾಡಿ ಇದ್ದು, ಜನರೇಟರ್ ಎಳೆದುಕೊಂಡು ಊರೊಳಗೆ ಮೂರು-ನಾಲ್ಕು ಕಿ.ಮೀ. ಮಾತ್ರ ಓಡುವುದಾದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಮಸಿ ತುಂಬುತ್ತದೆ. ಅದನ್ನು ಸುಟ್ಟುಕೊಳ್ಳಲು ಗಾಡಿ ತಾನೇ ಡೀಸೆಲ್ ಜಾಸ್ತಿ ಬಿಡುತ್ತದೆ. ವಾರಕ್ಕೊಮ್ಮೆ ಬೈಪಾಸಿನಲ್ಲಿ ಅರ್ಧ ಗಂಟೆ ಒಂದೇ ಸ್ಪೀಡಿನಲ್ಲಿ ಓಡಿಸಿ. ಮೈಲೇಜ್ ಜಾಸ್ತಿ ಮಾಡುತ್ತೇವೆ ಅಂತ ಮಾರುವ ಎಲೆಕ್ಟ್ರಾನಿಕ್ ಚಿಪ್, ಪೈಪಿಗೆ ಕಟ್ಟುವ ಅಯಸ್ಕಾಂತ ಇವುಗಳ ದುಡ್ಡಿನಲ್ಲಿ ಟೈರಿಗೆ ಗಾಳಿ ನೋಡುವ ಒಳ್ಳೆಯ ಗೇಜ್ ಬರುತ್ತದೆ.

ಓವರ್‌ಲೋಡ್ ಬಗ್ಗೆ ಒಂದೇ ಮಾತು. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚಿನ ಟನ್ನಿಗೆ 2,000. ಎಷ್ಟು ಡೀಸೆಲ್ ಉಳಿಸಿದರೆ ಅದು ಹುಟ್ಟುತ್ತದೆ, ನೀವೇ ನೋಡಿ.

ಇನ್ನು ಅಳೆಯುವುದು ಹೇಗೆ. ಡ್ಯಾಶ್‌ಬೋರ್ಡಿನ ಅಂಕಿ ನಂಬಬೇಡಿ. ಒಂದೇ ಪಂಪು, ಸಾಧ್ಯವಾದರೆ ಅದೇ ನಾಝಲ್, ಗಾಡಿ ಸಪಾಟು ನಿಂತಿರಬೇಕು. ನಾಝಲ್ ಮೊದಲ ಸಲ ಟಕ್ ಅಂದ ಕೂಡಲೇ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮತ್ತೆ ತುಂಬಿಸುವಾಗಲೂ ಮೊದಲ ಟಕ್‌ಗೇ ನಿಲ್ಲಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಸಲದ್ದನ್ನು ನಂಬಬೇಡಿ, ನಾಲ್ಕೈದು ಸಲ ನೋಡಿ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೆ ಮೀಟರ್ ಕಡಿಮೆ ಕಿಲೋಮೀಟರ್ ತೋರಿಸುತ್ತದೆ, ಆಮೇಲೆ ಗಾಡಿಯನ್ನು ಬೈಯಬೇಡಿ. ಒಂದು ಡೈರಿಯಲ್ಲಿ ಖಾಲಿ, ಲೋಡು, ಟ್ರಾಲಿ ಅಂತ ಬೇರೆ ಬೇರೆ ಬರೆಯಿರಿ. ಮೂರನ್ನೂ ಕಲಸಿದರೆ ಬರುವ ಅಂಕಿ ಯಾವ ಕೆಲಸಕ್ಕೂ ಬರುವುದಿಲ್ಲ.

ಬಾಡಿಗೆ ಹೇಳುವಾಗ ಬಹಳ ಜನ ಎಡವುವುದು ಇಲ್ಲಿ. ಹಾವೇರಿಗೆ ಮಿಕ್ಸರ್ ಬಿಟ್ಟು ಖಾಲಿ ಬರಬೇಕು. ಹೋಗುವಾಗ 8, ಬರುವಾಗ 14, ಕೂಡಿಸಿ ಅರ್ಧ ಮಾಡಿದರೆ 11, ಹೋಗಿ ಬರಲು 150 ಕಿ.ಮೀ.ಗೆ 13.6 ಲೀಟರ್ ಸಾಕು ಅಂತ ಲೆಕ್ಕ ಹಾಕುತ್ತಾರೆ. ಹಾಗಲ್ಲ. ಹೋಗುವಾಗ 75 ಕಿ.ಮೀ.ಗೆ 9.4 ಲೀಟರ್, ಬರುವಾಗ 5.4, ಒಟ್ಟು 14.7ರ ಆಸುಪಾಸು. ಲೀಟರ್ ಕೂಡಿಸಬೇಕು, ಆವರೇಜ್ ಕೂಡಿಸಬಾರದು. ಡೀಸೆಲ್‌ಗೆ 90 ರೂಪಾಯಿ ಹಿಡಿದರೂ ನೂರು ರೂಪಾಯಿ ನಿಮ್ಮ ಕೈಯಿಂದ ಹೋಯಿತು. ಖಾಲಿ ಗಾಡಿಯ 14ನ್ನೇ ಎರಡೂ ಕಡೆಗೆ ಹಿಡಿದವರಿಗೆ ಹೋಗಿದ್ದು 360. ಮಿಕ್ಸರ್ 30ರಲ್ಲಿ ಎಳೆದರೆ ಹೋಗಲು ಎರಡೂವರೆ ತಾಸು, ಇಳಿಸಲು ಅರ್ಧ ತಾಸು. ಅದರ ವೇಟಿಂಗ್ ಬೇರೆ ಹಚ್ಚಿ ಹೇಳಿ, ಗುತ್ತಿಗೆದಾರರು ಚೌಕಾಸಿ ಮಾಡಿಯೇ ಮಾಡುತ್ತಾರೆ.