ನಟಿ ಬೇಕು, ನಿರ್ದೇಶಕಿ ಬೇಡ: ಜಪಾನಿನ ಹಳೆಯ ಸಿನಿಮಾದ ಕಥೆ

ಜಪಾನಿನ ಹಳೆಯ ಸಿನಿಮಾ ಅಂದರೆ ಮೊದಲು ನೆನಪಾಗುವುದು ನಟಿಯರೇ. ನಿರ್ದೇಶಕ ಓಝು ಚಿತ್ರಗಳ ಸೆಟ್ಸುಕೊ ಹಾರಾ, ‘ರಾಶೊಮಾನ್’ನ ಮಚಿಕೊ ಕ್ಯೊ, ನಿರ್ದೇಶಕ ನರುಸೆ ಚಿತ್ರಗಳ ಹಿಡೆಕೊ ತಕಮಿನೆ. ಅದೇ ಕಾಲದ ನಿರ್ದೇಶಕಿಯರನ್ನು ಹುಡುಕಿ ನೋಡಿ. ಎರಡು ಹೆಸರಿನ ಮೇಲೆ ಸಿಗುವುದು ಕಷ್ಟ.

ಮೊದಮೊದಲು ನಟಿಯರೂ ಇರಲಿಲ್ಲ. 1629ರಲ್ಲೇ ಆಳುವವರು ಹೆಂಗಸರನ್ನು ಕಬುಕಿ ನಾಟಕದಿಂದ ಹೊರಗಿಟ್ಟಿದ್ದರು. ಗಂಡಸರೇ ಹೆಣ್ಣುಪಾತ್ರ ಮಾಡುವ ರೂಢಿ ಸಿನಿಮಾಕ್ಕೂ ಬಂತು. ಇಂಥ ನಟರನ್ನು ಒನ್ನಗತ ಅನ್ನುತ್ತಾರೆ. 1920ರಲ್ಲಿ ಸಿನಿಮಾಕ್ಕೆ ಕೈಹಾಕಿದ ಶೋಚಿಕು ಕಂಪನಿ ನಟಿಯರನ್ನೇ ನೆಚ್ಚಿಕೊಂಡಿತು. ಸುಮಿಕೊ ಕುರಿಶಿಮಾ ತಾರೆಯಾದರು. ಕೆಲವೇ ವರ್ಷಗಳಲ್ಲಿ ತೆರೆಯ ಮೇಲೆ ಒನ್ನಗತರ ಕಾಲ ಮುಗಿಯಿತು. ಅವರಲ್ಲೊಬ್ಬರಾದ ತೈನೊಸುಕೆ ಕಿನುಗಾಸಾ ನಿರ್ದೇಶಕರಾದರು. ಹೆಣ್ಣುಪಾತ್ರ ಕಳೆದುಕೊಂಡ ಗಂಡಸಿಗೆ ಆ ದಾರಿ ಇತ್ತು. ಆ ಪಾತ್ರ ಪಡೆದ ಹೆಂಗಸಿಗೆ ಇರಲಿಲ್ಲ.

ಕಾರಣ ಸ್ಟುಡಿಯೋ ಪದ್ಧತಿ. ನಿರ್ದೇಶಕನಾಗಬೇಕಾದರೆ ವರ್ಷಗಟ್ಟಲೆ ಸಹಾಯಕನಾಗಿ ದುಡಿಯಬೇಕು. ಆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದದ್ದು ಗಂಡಸರನ್ನು. ತಜುಕೊ ಸಕಾನೆ ಹೇಗೋ ಒಳಗೆ ನುಗ್ಗಿದರು. ನಿರ್ದೇಶಕ ಕೆಂಜಿ ಮಿಝೊಗುಚಿ ಕೈಕೆಳಗೆ ಪಳಗಿ, 1936ರಲ್ಲಿ ‘ಹತ್ಸುಸುಗತ’ ನಿರ್ದೇಶಿಸಿದರು. ಜಪಾನಿನಲ್ಲಿ ಹೆಣ್ಣೊಬ್ಬಳು ನಿರ್ದೇಶಿಸಿದ ಮೊದಲ ಕಥಾಚಿತ್ರ ಅದು. ಅದರ ಪ್ರತಿ ಈಗ ಉಳಿದಿಲ್ಲ. ಆಮೇಲೆ ಅವಕಾಶ ಸಿಗದೆ, ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯಾಕ್ಕೆ ಹೋಗಿ ಸಾಕ್ಷ್ಯಚಿತ್ರ ಮಾಡಿದರು. ಅವು ಸಾಮ್ರಾಜ್ಯದ ಪ್ರಚಾರಕ್ಕೆ ದುಡಿದ ಚಿತ್ರಗಳು, ಅದನ್ನೂ ಹೇಳಬೇಕು. ಯುದ್ಧ ಮುಗಿದು ಊರಿಗೆ ಬಂದರೆ, ವಿಶ್ವವಿದ್ಯಾಲಯದ ಪದವಿ ಇಲ್ಲ ಎಂಬ ನೆಪದಲ್ಲಿ ನಿರ್ದೇಶನ ಕೊಡಲಿಲ್ಲ. ಚಿತ್ರೀಕರಣದ ವಿವರ ಬರೆದುಕೊಳ್ಳುವ ಕೆಲಸಕ್ಕೆ ಮರಳಿದರು.

ನಟಿ ಕಿನುಯೊ ತನಾಕಾ ನಿರ್ದೇಶನಕ್ಕೆ ಬಂದದ್ದು ಬೇರೆ ಬಾಗಿಲಿನಿಂದ. 1924ರಲ್ಲಿ ಶೋಚಿಕು ಸೇರಿದ ಅವರು 1931ರಲ್ಲಿ ದೇಶದ ಮೊದಲ ಪೂರ್ಣ ಟಾಕಿಯಲ್ಲಿ ನಟಿಸಿದರು. 1949ರ ಕೊನೆಗೆ ಅಮೆರಿಕ ಪ್ರವಾಸಕ್ಕೆ ಹೋದರು. ತಿರುಗಿ ಬಂದಾಗ ಕಪ್ಪು ಕನ್ನಡಕ ಹಾಕಿ, ಜನರತ್ತ ಕೈಯಿಂದ ಚುಂಬನ ತೂರಿದ್ದಕ್ಕೆ ಪತ್ರಿಕೆಗಳು ಹರಿಹಾಯ್ದವು. ವಯಸ್ಸು ನಲವತ್ತು. ಆ ಕಾಲದ ನಾಯಕಿಗೆ ಅದು ಜಾಸ್ತಿಯೇ. ಅವರು ಸುಮ್ನೆ ಕೂರಲಿಲ್ಲ. ನರುಸೆ ಬಳಿ ಸಹಾಯಕಿಯಾಗಿ ಕೆಲಸ ಕಲಿತು, 1953ರಲ್ಲಿ ‘ಕೊಯಿಬುಮಿ’ ನಿರ್ದೇಶಿಸಿದರು. ಚಿತ್ರಕಥೆ ಕೈಸುಕೆ ಕಿನೊಶಿತಾ ಅವರದು. 1954ರಲ್ಲಿ ಆ ಚಿತ್ರ ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಆ ವರ್ಷ ಅಲ್ಲಿ ದೊಡ್ಡ ಬಹುಮಾನ ಗೆದ್ದವರು ಯಾರು? ಹಳೆಯ ಒನ್ನಗತ ಕಿನುಗಾಸಾ, ಮಚಿಕೊ ಕ್ಯೊ ನಟಿಸಿದ ಚಿತ್ರಕ್ಕೆ!

ಎರಡನೇ ಚಿತ್ರಕ್ಕೆ ಅಡ್ಡಿ ಬಂದದ್ದು ತನಾಕಾ ಅವರನ್ನೇ ನಾಯಕಿಯಾಗಿಸಿ ಹಲವು ಚಿತ್ರ ಮಾಡಿದ್ದ ಮಿಝೊಗುಚಿ ಅವರಿಂದ. ನಿರ್ದೇಶಕರ ಸಂಘದ ಅಧ್ಯಕ್ಷರಾಗಿದ್ದ ಅವರು ಒಪ್ಪಲಿಲ್ಲ. ಚಿತ್ರಕಥೆಯಲ್ಲಿ ಪಾಲಿದ್ದ ಓಝು ತನಾಕಾ ಪರ ನಿಂತರು, ಚಿತ್ರ 1955ರಲ್ಲಿ ಬಂತು. ಅದೇ ವರ್ಷ ಬಂದ ಮೂರನೆಯದೇ ನನ್ನ ಪ್ರಕಾರ ಅವರ ಅತಿ ದಿಟ್ಟ ಚಿತ್ರ. ಸ್ತನ ಕ್ಯಾನ್ಸರಿನಿಂದ ಸತ್ತ ಕವಯಿತ್ರಿ ಫುಮಿಕೊ ನಕಾಜೊ ಬದುಕಿನ ಮೇಲೆ ಸುಮಿಯೆ ತನಾಕಾ ಬರೆದ ಚಿತ್ರಕಥೆ ಅದು. ಮಿಝೊಗುಚಿ ಚಿತ್ರಗಳಲ್ಲಿ ಹೆಣ್ಣು ನೋಯುತ್ತಾಳೆ, ತ್ಯಾಗ ಮಾಡುತ್ತಾಳೆ. ಇಲ್ಲಿಯವಳು ಶಸ್ತ್ರಚಿಕಿತ್ಸೆಯ ಗಾಯವನ್ನು ಮುಚ್ಚಿಕೊಳ್ಳುವುದಿಲ್ಲ, ಆಸೆಯನ್ನೂ ಬಚ್ಚಿಡುವುದಿಲ್ಲ.

ಸ್ಟುಡಿಯೋಗಳ ಹಿಡಿತ ತಪ್ಪಿಸಿಕೊಳ್ಳಲು ನಟಿಯರು ಬೇರೆ ದಾರಿಯನ್ನೂ ಹುಡುಕಿದರು. 1954ರಲ್ಲಿ ಕೈಕೊ ಕಿಶಿ, ಯೊಶಿಕೊ ಕುಗಾ, ಇನೆಕೊ ಅರಿಮಾ ಸೇರಿ ನಿಂಜಿನ್ ಕ್ಲಬ್ ಎಂಬ ನಿರ್ಮಾಣ ಸಂಸ್ಥೆ ಕಟ್ಟಿದರು. ಅದು ನಿರ್ಮಿಸಿದ ‘ಕ್ವೈದಾನ್’ ಹೆಸರು ತಂದಿತು, ದುಡ್ಡನ್ನು ನುಂಗಿತು.

ಕಿನುಯೊ ತನಾಕಾ ಒಟ್ಟು ಆರು ಚಿತ್ರ ನಿರ್ದೇಶಿಸಿದರು. ಕೊನೆಯದು 1962ರದು. 1975ರಲ್ಲಿ ಬರ್ಲಿನ್ ಉತ್ಸವ ಅವರಿಗೆ ಪ್ರಶಸ್ತಿ ಕೊಟ್ಟದ್ದು ನಟನೆಗೆ. ನಿರ್ದೇಶಿಸಿದ ಚಿತ್ರಗಳತ್ತ ಹೊರದೇಶದವರ ಕಣ್ಣು ಸರಿಯಾಗಿ ಬಿದ್ದದ್ದು, ದುರಸ್ತಿಯಾದ ಪ್ರತಿಗಳು 2021ರಲ್ಲಿ ಫ್ರಾನ್ಸಿನಲ್ಲಿ ತೆರೆಕಂಡ ಮೇಲೆ.