ಅಟ್ಟ ಇಳಿದ ಎಲೆಕ್ಟ್ರಾನ್‌ಗಳು

ಭೂಮಿಯೊಳಗೆ 660 ಕಿ.ಮೀ. ಆಳದಿಂದ ಸುಮಾರು 2,890 ಕಿ.ಮೀ. ತನಕ ಇರುವ ಕಲ್ಲಿನ ಪದರವೇ ಕೆಳ ಮ್ಯಾಂಟಲ್. ಫೆರೋಪೆರಿಕ್ಲೇಸ್ ಎಂಬ ಖನಿಜ ಅಲ್ಲಿ ಬೇಕಾದಷ್ಟಿದೆ. ಮೆಗ್ನೀಸಿಯಂ, ಆಕ್ಸಿಜನ್, ಒಂದಿಷ್ಟು ಕಬ್ಬಿಣ, ಇಷ್ಟೇ ಅದರಲ್ಲಿರುವುದು. ನನ್ನ ಕುತೂಹಲವೆಲ್ಲ ಆ ಕಬ್ಬಿಣದ ಮೇಲೆ.

ಅದರ ಪ್ರತಿ ಅಯಾನಿನಲ್ಲಿ, ಅಂದರೆ ಒಂದಿಷ್ಟು ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನಲ್ಲಿ, ‘ಡಿ’ ಎಂಬ ಗುಂಪಿನ ಆರು ಎಲೆಕ್ಟ್ರಾನ್‌ಗಳಿವೆ. ಅವಕ್ಕೆ ಐದು ಕೋಣೆ. ಸುತ್ತ ಆರು ಆಕ್ಸಿಜನ್‌ಗಳು ಕೂತಿರುವುದರಿಂದ ಕೋಣೆಗಳು ಒಂದೇ ಮಟ್ಟದಲ್ಲಿಲ್ಲ: ಮೂರು ಕೆಳಗೆ, ಎರಡು ಅಟ್ಟದಲ್ಲಿ. ಅಟ್ಟದವು ನೇರ ಆಕ್ಸಿಜನ್‌ಗಳ ಕಡೆ ಚಾಚಿವೆ. ಎಲೆಕ್ಟ್ರಾನ್‌ದೂ ಋಣ ವಿದ್ಯುದಂಶ, ಅಲ್ಲಿನ ಆಕ್ಸಿಜನ್‌ದೂ ಋಣವೇ; ಋಣಕ್ಕೂ ಋಣಕ್ಕೂ ಆಗಿಬರುವುದಿಲ್ಲ, ಹಾಗಾಗಿ ಅಲ್ಲಿರಲು ಶಕ್ತಿ ಜಾಸ್ತಿ ಬೇಕು. ಆದರೆ ಒಂದೇ ಕೋಣೆಯಲ್ಲಿ ಎರಡು ಎಲೆಕ್ಟ್ರಾನ್ ಇರುವುದು ಇನ್ನೂ ಕಷ್ಟ. ಅದಕ್ಕೇ ಎರಡು ಅಟ್ಟ ಹತ್ತುತ್ತವೆ. ಕೆಳಗೆ ಒಂದು ಕೋಣೆಯಲ್ಲಿ ಮಾತ್ರ ಜೋಡಿ, ಉಳಿದ ನಾಲ್ಕೂ ಒಂಟಿ. ಒಂಟಿಗಳ ಸ್ಪಿನ್ (ಎಲೆಕ್ಟ್ರಾನ್‌ನ ಗಿರಕಿಯಂಥ ಗುಣ) ಒಂದೇ ದಿಕ್ಕಿಗಿರುವುದರಿಂದ ಅಯಾನು ಪುಟ್ಟ ಅಯಸ್ಕಾಂತವಾಗಿರುತ್ತದೆ. ಇದು ಹೈ-ಸ್ಪಿನ್ ಸ್ಥಿತಿ.

ಈಗ ಒತ್ತಡ ಏರಿಸೋಣ. ಆಕ್ಸಿಜನ್‌ಗಳು ಹತ್ತಿರ ಬಂದಷ್ಟೂ ಅಟ್ಟ ಎತ್ತರವಾಗುತ್ತದೆ. ಒಂದು ಹಂತದಲ್ಲಿ ಹತ್ತುವುದಕ್ಕಿಂತ ಕೋಣೆ ಹಂಚಿಕೊಳ್ಳುವುದೇ ಸಲೀಸು. ಎರಡೂ ಇಳಿದುಬರುತ್ತವೆ. ಮೂರು ಕೋಣೆ, ಮೂರು ಜೋಡಿ. ಅಯಸ್ಕಾಂತ ಇಲ್ಲವಾಗುತ್ತದೆ. ಇದು ಲೋ-ಸ್ಪಿನ್. ಅಟ್ಟ ಖಾಲಿಯಾಯಿತು ಅಲ್ವಾ, ಆಕ್ಸಿಜನ್‌ಗಳು ಇನ್ನಷ್ಟು ಒಳಕ್ಕೆ ಸರಿಯುತ್ತವೆ. ಸಾಮಾನ್ಯ ಒತ್ತಡದ ಲೆಕ್ಕದಲ್ಲೇ ಹೈ-ಸ್ಪಿನ್ ಅಯಾನಿನ ತ್ರಿಜ್ಯ 0.78 ಆಂಗ್‌ಸ್ಟ್ರಾಮ್, ಲೋ-ಸ್ಪಿನ್‌ನದು 0.61 (ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ). ಅಂದರೆ ಕಲ್ಲು ಸುಮ್ನೆ ಹಿಂಡಿ ಚಿಕ್ಕದಾಗುವುದಿಲ್ಲ, ಒಳಗಿನ ವಾಸದ ವ್ಯವಸ್ಥೆಯೇ ಬದಲಾಗಿ ಕುಗ್ಗುತ್ತದೆ. ನನಗೆ ತುಂಬಾ ಇಷ್ಟವಾಗುವುದು ಇದೇ.

ಭೂಮಿಯ ಆಳದಲ್ಲಿ ಹೀಗಾಗಬಹುದು ಎಂದು ಭೂವಿಜ್ಞಾನಿ ಫೈಫ್ 1960ರಲ್ಲೇ ಹೇಳಿದ್ದರು. ಪುರಾವೆ ಸಿಕ್ಕಿದ್ದು 2003ರಲ್ಲಿ. ಜೇಮ್ಸ್ ಬದ್ರೋ ಅವರ ತಂಡ ಎರಡು ವಜ್ರದ ಮೊನೆಗಳ ನಡುವೆ ಈ ಖನಿಜದ ಚೂರಿಟ್ಟು ಹಿಂಡಿತು. ಒಂಟಿ ಎಲೆಕ್ಟ್ರಾನ್‌ಗಳಿದ್ದರೆ, ಕಬ್ಬಿಣ ಹೊಮ್ಮಿಸುವ ಎಕ್ಸ್-ರೇಯ ಗ್ರಾಫಿನಲ್ಲಿ ದೊಡ್ಡ ಉಬ್ಬಿನ ಪಕ್ಕ ಒಂದು ಸಣ್ಣ ಉಬ್ಬು ಕಾಣುತ್ತದೆ. 60ರಿಂದ 70 ಗಿಗಾಪ್ಯಾಸ್ಕಲ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಆರೇಳು ಲಕ್ಷ ಪಟ್ಟಿನಲ್ಲಿ, ಆ ಸಣ್ಣ ಉಬ್ಬು ಮಾಯವಾಯಿತು.

ನಿಜವಾದ ಮ್ಯಾಂಟಲ್ ಸುಡುಬಿಸಿ. ಅಲ್ಲಿ ಈ ಬದಲಾವಣೆ ಒಂದೇ ಏಟಿಗೆ ಆಗದೆ ನೂರಾರು ಕಿ.ಮೀ. ಆಳದುದ್ದಕ್ಕೂ ನಿಧಾನವಾಗಿ ನಡೆಯುತ್ತದೆ. ಆಗ ಕಲ್ಲು ಹಿಂಡಿದರೆ ಸ್ವಲ್ಪ ಸುಲಭವಾಗಿ ಬಗ್ಗುತ್ತದೆ. ಕಲ್ಲನ್ನು ಹಿಂಡುತ್ತಾ ಸಾಗುವ ಭೂಕಂಪದ ಪಿ-ಅಲೆಗೆ ಇದು ಗೊತ್ತಾಗುತ್ತದೆ, ಅದರ ವೇಗ ತಗ್ಗುತ್ತದೆ. ಅಡ್ಡಡ್ಡ ಅಲುಗಾಡಿಸುವ ಎಸ್-ಅಲೆಗೆ ಅಷ್ಟಾಗಿ ಇಲ್ಲ. 2021ರಲ್ಲಿ ಗ್ರೇಸ್ ಶೆಫರ್ಡ್ ಮತ್ತು ಸಂಗಡಿಗರು ಎರಡೂ ಅಲೆಗಳ ವೇಗದ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಮುಳುಗಿಹೋದ ಹಳೆಯ ಸಾಗರತಳದ ತಣ್ಣನೆಯ ಹಲಗೆಗಳು ಎಸ್-ಅಲೆಯ ನಕ್ಷೆಯಲ್ಲಿ ಕೆಳತನಕ ಕಾಣುತ್ತಿದ್ದವು. ಪಿ-ಅಲೆಯದರಲ್ಲಿ, 1,400 ಕಿ.ಮೀ. ದಾಟುತ್ತಿದ್ದಂತೆ ಮಸುಕಾಗುತ್ತಿದ್ದವು.